ಖಾಲಿ ಟ್ಯಾಂಕಿನ ಚರಿತ್ರೆ

2023ರ ನವೆಂಬರ್ 13, ಸೋಮವಾರ. ದೀಪಾವಳಿಯ ಮರುದಿನ ಬೆಳಿಗ್ಗೆ ಹೈದರಾಬಾದಿನ ನಾಂಪಲ್ಲಿ ಹತ್ತಿರದ ಬಜಾರ್‌ಘಾಟ್‌ನಲ್ಲಿ ಒಂದು ಅಪಾರ್ಟ್‌ಮೆಂಟಿಗೆ ಬೆಂಕಿ ಬಿತ್ತು. ಕೆಳಗೆ ಡ್ರಮ್ಮುಗಳಲ್ಲಿ ರಾಸಾಯನಿಕ ಇಟ್ಟಿದ್ದರು, ಮೇಲಿನ ಮಹಡಿಗಳಲ್ಲಿ ಸಂಸಾರಗಳಿದ್ದವು. ಅವತ್ತು 9 ಜನ ಸತ್ತರು. ಸಂಜೆಯ ಹೊತ್ತಿಗೆ ನಗರದ ಎಲ್ಲ ಅಪಾರ್ಟ್‌ಮೆಂಟ್‌ಗಳ ವಾಟ್ಸಾಪ್ ಗುಂಪುಗಳಲ್ಲೂ ಒಂದೇ ಪ್ರಶ್ನೆ: ನಮ್ಮ ಸೆಲ್ಲಾರ್‌ನಲ್ಲಿ ಏನೇನಿದೆ?

ಹೈದರಾಬಾದಿಗೆ ಹೊಸಬರಾದವರಿಗೆ ಒಂದು ಮಾತು. ಬೆಂಗಳೂರಿನಲ್ಲಿ ಬೇಸ್‌ಮೆಂಟ್ ಅನ್ನುವುದನ್ನು ಇಲ್ಲಿ ಸೆಲ್ಲಾರ್ ಅನ್ನುತ್ತಾರೆ. ಗಾಡಿ ನಿಲ್ಲಿಸಲೆಂದು ಕಟ್ಟಿದ ಜಾಗ ಅದು. ಆದರೆ ಮನೆಯೊಳಗೆ ಬೇಡವಾದ, ಎಸೆಯಲೂ ಮನಸ್ಸಾಗದ ವಸ್ತುಗಳೆಲ್ಲ ಕೊನೆಗೆ ಅಲ್ಲಿಗೇ ಇಳಿಯುತ್ತವೆ. ಆ ವರ್ಷ ನಾನು ನಮ್ಮ ಅಸೋಸಿಯೇಷನ್ನಿನ ಕಾರ್ಯದರ್ಶಿ. ವೃತ್ತಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್, ಆದ್ದರಿಂದ ಪಟ್ಟಿ ಮಾಡುವುದು, ಗಡುವು ಹಾಕುವುದು, ಜ್ಞಾಪಿಸುವುದು ನನಗೆ ಅಭ್ಯಾಸ. ಶನಿವಾರ ಬೆಳಿಗ್ಗೆ ಹತ್ತಕ್ಕೆ ತಪಾಸಣೆ, ವಾಹನ ಬಿಟ್ಟು ಮತ್ತೇನೂ ಇರಕೂಡದು ಎಂದು ಖಡಕ್ಕಾಗಿ ನೋಟೀಸು ಬರೆದೆ.

ಶನಿವಾರ ಹಳೇ ಸೋಫಾ, ಒಡೆದ ಅಕ್ವೇರಿಯಂ, ಬಣ್ಣದ ಡಬ್ಬಿ ಎಲ್ಲ ಲೆಕ್ಕಕ್ಕೆ ಬಂದವು. ಮೂಲೆಯಲ್ಲಿ ಸ್ಕೂಟರ್ ಕವರ್ ಹೊದ್ದ ಒಂದು ವಸ್ತು. ಯಾರದಿದು ಅಂತ ಗಟ್ಟಿಯಾಗಿ ಕೇಳಿದೆ. ವಾಚ್‌ಮನ್ ತುಸು ಸಂಕೋಚದಿಂದ, "ಸಾರ್, ಅದು ಮೀದೇ" ಅಂದ.

ಕವರ್ ಎತ್ತಿದರೆ ಅಪ್ಪನ ಜನರೇಟರ್. ಮುಚ್ಚಳ ತಿರುಗಿಸಿದ ಕೂಡಲೇ ಮೂಗಿಗೆ ಹಳಸಿದ ಬಣ್ಣದಂಥ ಹುಳಿ ವಾಸನೆ. ಟಾರ್ಚ್ ಹಾಕಿ ನೋಡಿದೆ. ಒಳಗೆ ಚಹಾದ ಬಣ್ಣದ ಪೆಟ್ರೋಲ್. ವರ್ಷಗಟ್ಟಲೆ ಅದರ ಮೇಲೆ ಐದು ಮಹಡಿ, ಇಪ್ಪತ್ತು ಮನೆ, ನನ್ನ ಇಬ್ಬರು ಮಕ್ಕಳು ಮಲಗಿದ್ದರು.

ಆ ಪುಟ್ಟ ಯಂತ್ರದ, ಮತ್ತು ಅದರ ಟ್ಯಾಂಕನ್ನು ನಾನು ಯಾಕೆ ಖಾಲಿ ಮಾಡಲಿಲ್ಲ ಎನ್ನುವುದರ ಚರಿತ್ರೆ ಇದು.

*

ನಮ್ಮೂರು ರಾಯಚೂರು ಜಿಲ್ಲೆಯ ಮಾನ್ವಿ. ಅಪ್ಪನದು ಫೋಟೋ ಸ್ಟುಡಿಯೋ. ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿನ ಫೋಟೋ, ಮದುವೆ ಆಲ್ಬಂ, ರೇಷನ್ ಕಾರ್ಡಿಗೆ ಸಂಸಾರ ಸಮೇತ ಫೋಟೋ. ಡಾರ್ಕ್‌ರೂಮಿನ ಎನ್‌ಲಾರ್ಜರ್‌ಗೂ ಶೂಟಿಂಗ್ ದೀಪಗಳಿಗೂ ಕರೆಂಟು ಬೇಕು. ಕರೆಂಟು ಮಾತ್ರ ತನಗೆ ಮನಸ್ಸು ಬಂದಾಗ ಬರುತ್ತಿತ್ತು.

ಇದರಲ್ಲೊಂದು ವಿಪರ್ಯಾಸ ಇದೆ. ಕರ್ನಾಟಕಕ್ಕೆ ವಿದ್ಯುತ್ ಹೊಸದೇನಲ್ಲ. 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ಮುಟ್ಟಿತು, 1905ರಲ್ಲಿ ಬೆಂಗಳೂರಿನ ಬೀದಿ ಬೆಳಗಿತು. ನಮ್ಮ ಭಾಗವನ್ನು ಆಗ ಆಳುತ್ತಿದ್ದ ನಿಜಾಮರ ರಾಜಧಾನಿಯಲ್ಲಿ 1920ರಲ್ಲಿ ಹುಸೇನ್ ಸಾಗರದ ದಂಡೆಗೆ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಬಂತು. 1985ರಲ್ಲಿ ನಮ್ಮ ಜಿಲ್ಲೆಯ ಶಕ್ತಿನಗರದಲ್ಲೇ ರಾಯಚೂರು ಶಾಖೋತ್ಪನ್ನ ಕೇಂದ್ರದ 210 ಮೆಗಾವಾಟಿನ ಮೊದಲ ಘಟಕ ಶುರುವಾಯಿತು. ಮುಂದೆ ಎಂಟು ಘಟಕ ಸೇರಿ 1720 ಮೆಗಾವಾಟ್ ಆಯಿತು. ಆ ಚಿಮಣಿಗಳ ಹೊಗೆ ನಮಗೆ, ಕರೆಂಟು ದೂರದವರಿಗೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವ ಗಾದೆಯನ್ನು ಮಾನ್ವಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ಆ ಕತ್ತಲೆಗೆ ಉತ್ತರವಾಗಿ ಬಂದದ್ದು ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಜನರೇಟರ್. ಅದರ ಮೂಲ ಹುಡುಕುತ್ತ ಹೋದರೆ ಎರಡನೇ ಮಹಾಯುದ್ಧ ಮುಗಿದ ಜಪಾನ್ ಸಿಗುತ್ತದೆ. 1946ರಲ್ಲಿ ಹಮಾಮತ್ಸು ಪಟ್ಟಣದ ಸೊಯಿಚಿರೊ ಹೊಂಡಾ ಎಂಬ ಮೆಕ್ಯಾನಿಕ್ಕಿಗೆ ಸೈನ್ಯ ಬಿಟ್ಟುಹೋದ ಪುಟ್ಟ ಎಂಜಿನ್ನುಗಳು ಸಿಕ್ಕವು. ಅವು ವೈರ್‌ಲೆಸ್ ಸೆಟ್ಟುಗಳಿಗೆ ಕರೆಂಟು ಕೊಡುವ ಜನರೇಟರಿನ ಎಂಜಿನ್ನುಗಳು. ಆತ ಅವನ್ನು ಸೈಕಲ್ಲಿಗೆ ಕಟ್ಟಿ ಮಾರಿದ. ಪೆಟ್ರೋಲಿಗೆ ರೇಷನ್ ಇದ್ದದ್ದರಿಂದ ಪೈನ್ ಮರದಿಂದ ತೆಗೆದ ಟರ್ಪೆಂಟೈನ್ ಬೆರೆಸಿ ಓಡಿಸಿದ. ಜನರೇಟರಿನ ಎಂಜಿನ್ನಿನಿಂದ ಮೋಟರ್‌ಬೈಕಿನ ಕಂಪನಿ ಹುಟ್ಟಿತು. 1965ರಲ್ಲಿ ಅದೇ ಕಂಪನಿ ಇ300 ಎಂಬ ಕೈಜನರೇಟರ್ ಮಾಡಿ ಮನೆಮನೆಗೆ ಮಾರಿತು. 1985ರಲ್ಲಿ ಭಾರತದಲ್ಲಿ ಶ್ರೀರಾಮ್ ಹೊಂಡಾ ಎಂಬ ಪಾಲುದಾರಿಕೆ ಕಂಪನಿ ನೋಂದಣಿಯಾಯಿತು, ಅದರ ಕಾರ್ಖಾನೆ ರುದ್ರಪುರದಲ್ಲಿ. ಬಿರ್ಲಾ ಯಮಹಾದವರ ಜನರೇಟರ್‌ಗಳೂ ಬಂದವು. ತೊಂಬತ್ತರ ದಶಕದಲ್ಲಿ ಊರೂರಿನ ಅಂಗಡಿಬೀದಿಯಲ್ಲಿ ಸಂಜೆ ಏಳಕ್ಕೆ ಕೇಳುತ್ತಿದ್ದ ಪಟಪಟ ಸದ್ದಿನ ಹಿಂದೆ ಇಷ್ಟು ಕತೆ ಇದೆ.

ನಮ್ಮ ದೇಶದ ಜನರೇಟರಿಗೆ ನಮ್ಮದೇ ಒಂದು ಗುಣ ಇತ್ತು. ಪೆಟ್ರೋಲಿನಲ್ಲಿ ಹೊತ್ತಿಸಿ ಸೀಮೆಎಣ್ಣೆಯಲ್ಲಿ ಓಡಿಸುವ ಮಾದರಿಗಳಿದ್ದವು. ಸೀಮೆಎಣ್ಣೆಗೆ ನಮ್ಮ ಕಡೆ ಚಿಮಣಿ ಎಣ್ಣಿ ಅನ್ನುತ್ತಾರೆ. ರೇಷನ್ ಅಂಗಡಿಯ ನೀಲಿ ಬಣ್ಣದ ಎಣ್ಣೆ ಅಡುಗೆಗೆ, ದೀಪಕ್ಕೆ ಮಾತ್ರ ಅಂತ ಕಾನೂನು. ಅದು ಅಗ್ಗ, ಪೆಟ್ರೋಲ್ ತುಟ್ಟಿ. ಮುಂದಿನದನ್ನು ನೀವೇ ಊಹಿಸಿಕೊಳ್ಳಿ.

ಸೀಮೆಎಣ್ಣೆ ತಣ್ಣಗಿನ ಎಂಜಿನ್ನಿನಲ್ಲಿ ಸುಲಭವಾಗಿ ಆವಿಯಾಗುವುದಿಲ್ಲ, ಕಿಡಿ ಕೊಟ್ಟರೂ ಹೊತ್ತುವುದಿಲ್ಲ. ಅದಕ್ಕೇ ಮೊದಲು ಪೆಟ್ರೋಲಿನಲ್ಲಿ ಶುರು ಮಾಡಿ, ಎಂಜಿನ್ ಬಿಸಿಯಾದ ಮೇಲೆ ಕೀಲಿ ತಿರುಗಿಸಿ ಸೀಮೆಎಣ್ಣೆಗೆ ಹೋಗಬೇಕು. ಇದು ಎಲ್ಲರಿಗೂ ಗೊತ್ತಿತ್ತು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸಿ ಎರಡು ಮೂರು ನಿಮಿಷ ಓಡಿಸಬೇಕು ಎನ್ನುವುದು ಎಲ್ಲರಿಗೂ ಗೊತ್ತಿರಲಿಲ್ಲ. ಇಲ್ಲದಿದ್ದರೆ ಕಾರ್ಬುರೇಟರಿನ ಬಟ್ಟಲಲ್ಲಿ ಸೀಮೆಎಣ್ಣೆ ಉಳಿದು, ಮರುದಿನ ಹಗ್ಗ ಎಳೆದು ಎಳೆದು ಭುಜ ನೋಯುತ್ತದೆಯೇ ಹೊರತು ಯಂತ್ರ ಏಳುವುದಿಲ್ಲ.

ಅಪ್ಪ ಇದನ್ನು ಒಂದು ದಿನವೂ ತಪ್ಪಿಸಿದವರಲ್ಲ. ಕರೆಂಟು ಬಂದ ತಕ್ಷಣ ನಾವು ಹುಡುಗರು ಓಡಿಹೋಗಿ ಸ್ವಿಚ್ ಒತ್ತಲು ನೋಡಿದರೆ ಕೈ ಹಿಡಿಯುತ್ತಿದ್ದರು. "ತಡಿಯೋ ತಮ್ಮಾ. ಹಚ್ಚೋದು ಯಾರಿಗನಾ ಬರ್ತದ. ಆರಿಸೋದು ಕಲಿಬೇಕು."

ಆ ಮಾತು ಅರ್ಥವಾಗಲು ನನಗೆ ಇಪ್ಪತ್ತೈದು ವರ್ಷ ಹಿಡಿಯಿತು.

*

ಯಂತ್ರ ಒಂದೇ ಕಡೆ ಇದ್ದು ದಿನವೂ ಓಡುತ್ತಿದ್ದರೆ ಟ್ಯಾಂಕಿನ ಪ್ರಶ್ನೆ ಏಳುವುದಿಲ್ಲ. ಅದು ಪ್ರಯಾಣಕ್ಕೆ ಹೊರಟಾಗ ಇಲ್ಲವೇ ದೀರ್ಘ ನಿದ್ರೆಗೆ ಹೋದಾಗ ಪ್ರಶ್ನೆ ಏಳುತ್ತದೆ.

ಪ್ರಯಾಣದ ಪಾಠವನ್ನು ನಾನು ಮೊದಲು ಕೇಳಿದ್ದು 2009ರಲ್ಲಿ, ಕಾಚಿಗುಡ ಸ್ಟೇಷನ್ನಿನಲ್ಲಿ. ಅಲ್ಲಿನ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಬಂದುಹೋಗುವ ನಮ್ಮವರಿಗೆ ಆ ಪರಿಸರ ಚೆನ್ನಾಗಿ ಗೊತ್ತು. ಒಂದು ವರ್ಷದ ಮಟ್ಟಿಗೆ ಬೆಂಗಳೂರಿಗೆ ಹೋಗಬೇಕಾಗಿತ್ತು, ಬೈಕನ್ನು ರೈಲಿಗೆ ಹಾಕಲು ಹೋಗಿದ್ದೆ. ಗೋಣಿಚೀಲ, ಹುಲ್ಲು, ಹುರಿ ಇಟ್ಟುಕೊಂಡು ಗಾಡಿ ಸುತ್ತುವವನು ಮೊದಲು ಕೇಳಿದ್ದು ದುಡ್ಡಲ್ಲ.

"ಟಂಕಿ ಖಾಲಿ ಹೈ ಕ್ಯಾ ಸಾಬ್?"

ಇಲ್ಲ ಅಂದೆ. ಆತ ಪೈಪು ಕಳಚಿ ಪೆಟ್ರೋಲನ್ನೆಲ್ಲ ಇಳಿಸಿದ. ಒಂದೂವರೆ ಲೀಟರ್ ಇದ್ದಿರಬೇಕು. ನನಗೆ ಹೊಟ್ಟೆ ಉರಿಯಿತು. ಬಾಟಲಿಗೆ ಹಾಕಿಕೊಡು, ನಾನೇ ಒಯ್ಯುತ್ತೇನೆ ಅಂದೆ. ಆತ ನಕ್ಕ. "ನಕ್ಕೋ ಸಾಬ್, ಬಾಟಲ್ ಭೀ ನಹೀ ಚಲ್ತಾ."

ಆತ ಹೇಳಿದ್ದರ ಹಿಂದೆ ದೊಡ್ಡ ಕಾನೂನೇ ಇದೆ. 1989ರ ರೈಲ್ವೆ ಕಾಯ್ದೆಯ 67ನೇ ಕಲಮು ಅಪಾಯಕಾರಿ ಸರಕನ್ನು ಲಿಖಿತವಾಗಿ ತಿಳಿಸದೆ ರೈಲಿಗೆ ತರಕೂಡದು ಅನ್ನುತ್ತದೆ. 164ನೇ ಕಲಮಿನ ಪ್ರಕಾರ ತಂದರೆ ಮೂರು ವರ್ಷದವರೆಗೆ ಜೈಲು, 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇದು ಕಾಗದದ ಭಯ ಅಂದುಕೊಳ್ಳುವವರು 2023ರ ಆಗಸ್ಟ್ 26ನ್ನು ನೆನೆಯಬೇಕು. ಮದುರೆ ಸ್ಟೇಷನ್ ಹತ್ತಿರ ನಿಂತಿದ್ದ ಪ್ರವಾಸಿ ಬೋಗಿಯಲ್ಲಿ ಕದ್ದು ತಂದಿದ್ದ ಗ್ಯಾಸ್ ಸಿಲಿಂಡರಿನಿಂದ ಬೆಂಕಿ ಹತ್ತಿ 9 ಜನ ಸತ್ತರು. ಅವರಲ್ಲಿ ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ, ಚಹಾ ಕಾಯಿಸಿಕೊಳ್ಳಬೇಕಿತ್ತು ಅಷ್ಟೆ.

ವಿಮಾನದವರದು ಇನ್ನೂ ಬಿಗಿ. ನಮ್ಮ ರಾಯಚೂರು, ಕಲಬುರಗಿ, ಬೀದರ್‌ಗಳು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದ 1956ರಲ್ಲೇ ಅಂತರರಾಷ್ಟ್ರೀಯ ವಿಮಾನ ಸಂಸ್ಥೆಗಳ ಒಕ್ಕೂಟ ಅಪಾಯಕಾರಿ ಸರಕಿನ ಮೊದಲ ನಿಯಮಪುಸ್ತಕ ಹೊರತಂದಿತು. ಪೆಟ್ರೋಲ್ ವಾಹನವನ್ನು ವಿಮಾನದ ಸರಕಾಗಿ ಕಳಿಸುವಾಗ ಟ್ಯಾಂಕನ್ನು ಆದಷ್ಟೂ ಬರಿದು ಮಾಡಬೇಕು, ಉಳಿದರೂ ಕಾಲು ಭಾಗ ಮೀರಬಾರದು ಎಂಬುದು ಆ ಪರಂಪರೆಯ ನಿಯಮ.

ರಸ್ತೆಯಲ್ಲಿ, ಮನೆಯಲ್ಲಿ ಏನು? ಅದಕ್ಕೆ 1934ರ ಪೆಟ್ರೋಲಿಯಂ ಕಾಯ್ದೆ ಇದೆ. ಮಾರುವ ಉದ್ದೇಶ ಇಲ್ಲದಿದ್ದರೆ ಒಬ್ಬ ವ್ಯಕ್ತಿ 30 ಲೀಟರಿನ ತನಕ ಪೆಟ್ರೋಲ್ ಇಟ್ಟುಕೊಳ್ಳಲು, ಒಯ್ಯಲು ಲೈಸೆನ್ಸ್ ಬೇಕಿಲ್ಲ. ಆದರೆ ಪಾತ್ರೆ ಗಾಜಿನದು, ಜೇಡಿಯದು ಇಲ್ಲವೇ ಲೋಹದ್ದಾಗಿರಬೇಕು, ಬಿಗಿಯಾದ ಮುಚ್ಚಳ ಇರಬೇಕು. ಗಾಜು, ಜೇಡಿ ಆದರೆ 1 ಲೀಟರ್, ಲೋಹ ಆದರೆ 25 ಲೀಟರ್ ಮೀರಬಾರದು. ನಮ್ಮ ಕೈಯಲ್ಲಿರುವ ನೀರಿನ ಪ್ಲಾಸ್ಟಿಕ್ ಬಾಟಲಿ ಆ ಪಟ್ಟಿಯಲ್ಲಿಲ್ಲ. ಒಂದೇ ಕಡೆ ಇಟ್ಟು ಓಡಿಸುವ ಎಂಜಿನ್ನಿನ ಟ್ಯಾಂಕಿನೊಳಗಿನ ಪೆಟ್ರೋಲಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಅಂದರೆ ನಮ್ಮ ಸೆಲ್ಲಾರಿನ ಜನರೇಟರಿನಲ್ಲಿದ್ದ ಪೆಟ್ರೋಲಿಗೆ ಲೈಸೆನ್ಸಿನ ತಕರಾರಿಲ್ಲ. ಲೈಸೆನ್ಸ್ ಬೇಕಿಲ್ಲ ಎನ್ನುವುದನ್ನೇ ನಾವು ಅಪಾಯ ಇಲ್ಲ ಎಂದು ಓದಿಕೊಳ್ಳುತ್ತೇವೆ.

*

2013ರ ಬೇಸಿಗೆ. ಆಂಧ್ರ ಇನ್ನೂ ಒಡೆದಿರಲಿಲ್ಲ. ಹೈದರಾಬಾದಿನಲ್ಲಿ ದಿನಕ್ಕೆ ಗಂಟೆಗಟ್ಟಲೆ ಕರೆಂಟು ತೆಗೆಯುತ್ತಿದ್ದರು. ರಾತ್ರಿ ಅಮೆರಿಕದ ಜೊತೆ ಕಾಲ್ ಇದ್ದಾಗಲೇ ಮನೆ ಕತ್ತಲಾಗುತ್ತಿತ್ತು. ಊರಿಗೆ ಹೋದಾಗ ಅಪ್ಪನ ಮುಂದೆ ಗೊಣಗಿದೆ. ಡಿಜಿಟಲ್ ಬಂದು ಸ್ಟುಡಿಯೋ ಮುಚ್ಚಿ ಮೂರು ವರ್ಷವಾಗಿತ್ತು. "ಜನರೇಟರ್ ಸುಮ್ನ ಕುಂತದ, ತಗೊಂಡು ಹೋಗು" ಅಂದರು.

ಸೀಮೆಎಣ್ಣೆ ಟ್ಯಾಂಕನ್ನು ಒರೆಸಿ ಒಣಗಿಸಿದ್ದರು. ಪೆಟ್ರೋಲಿನ ಟ್ಯಾಂಕು ಮಾತ್ರ ಅಂಚಿನ ತನಕ ತುಂಬಿತ್ತು. ಮುಂಜಾನೆ ಅಪ್ಪನೇ ಬಂಕಿಗೆ ಹೋಗಿ ತಂದು ತುಂಬಿಸಿದ್ದರು. ಆರಿಸುವುದರಲ್ಲಿ ಅಷ್ಟು ಶಿಸ್ತಿನ ಮನುಷ್ಯ ಹೀಗೇಕೆ ಮಾಡಿದರು ಅಂತ ನೀವು ಕೇಳಬಹುದು. ನಮ್ಮಲ್ಲಿ ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸುವುದಿಲ್ಲ. ಒಂದು ಹಿಡಿ ಸಕ್ಕರೆಯೋ, ನಾಲ್ಕು ಕಾಳು ಅಕ್ಕಿಯೋ ಹಾಕಿ ಕೊಡುತ್ತೇವೆ. ಹೆಣ್ಣುಮಕ್ಕಳನ್ನು ಉಡಿ ತುಂಬಿ ಕಳಿಸುತ್ತೇವೆ. ಮಗನಿಗೆ ಕೊಡುವ ಯಂತ್ರವನ್ನು ಅಪ್ಪ ಖಾಲಿ ಕೊಟ್ಟಾರೆಯೇ? ನನಗೂ ಅದು ಪ್ರೀತಿಯಾಗಿಯೇ ಕಂಡಿತು. ಕಾಚಿಗುಡದ ಆ ಮನುಷ್ಯನ ಪ್ರಶ್ನೆ ನೆನಪಾಗಲಿಲ್ಲ.

ಕಾರಿನ ಡಿಕ್ಕಿಯಲ್ಲಿ ಜನರೇಟರ್, ಅದರ ಮೇಲೆ ಅಕ್ಕಿ ಚೀಲ, ಉಪ್ಪಿನಕಾಯಿ ಡಬ್ಬಿ. ರಾಯಚೂರು ದಾಟಿ ಶಕ್ತಿನಗರದ ಚಿಮಣಿ ಕಳೆದು ಕೃಷ್ಣೆಯ ಸೇತುವೆ ಹತ್ತಿದಾಗ ಹೆಂಡತಿ ಮೂಗು ಮುಚ್ಚಿಕೊಂಡಳು. "ರೀ, ಪೆಟ್ರೋಲ್ ವಾಸನಿ ಬರ್ಲಿಕತ್ತದ." ಬಂಕಿನಲ್ಲಿ ಹಾಕಿಸಿದ್ದು ಇರಬೇಕು ಅಂದು ಏಸಿ ಜಾಸ್ತಿ ಮಾಡಿದೆ. ಮಕ್ತಲ್ ತಲುಪುವಷ್ಟರಲ್ಲಿ ಮಗಳು ವಾಂತಿ ಮಾಡಿಕೊಂಡಳು.

ಚಹಾದ ಅಂಗಡಿ ಮುಂದೆ ನಿಲ್ಲಿಸಿ ಡಿಕ್ಕಿ ತೆಗೆದೆ. ಜನರೇಟರ್ ಒಂದು ಮಗ್ಗುಲಿಗೆ ವಾಲಿತ್ತು. ಮುಚ್ಚಳದ ಗಾಳಿಕಿಂಡಿ ತೆರೆದೇ ಇತ್ತು. ಕೆಳಗಿನ ಮ್ಯಾಟು, ಅಕ್ಕಿ ಚೀಲದ ತಳ ಒದ್ದೆ. ಏನಾಯಿತು ನೋಡೋಣ ಅಂತ ನಾಲ್ಕು ಜನ ಹತ್ತಿರ ಬಂದರು, ಒಬ್ಬನ ಬಾಯಲ್ಲಿ ಹೊತ್ತಿದ ಬೀಡಿ. ಹಿಂದಿನ ಸೀಟಿನಲ್ಲಿ ಮಕ್ಕಳು.

ಮಕ್ತಲ್ ತೆಲಂಗಾಣದಲ್ಲಿದ್ದರೂ ಆ ಕಡೆಯ ಜನರಿಗೆ ಕನ್ನಡ ಬರುತ್ತದೆ. ಚಹಾದ ಅಂಗಡಿಯವನು ಕೈಯಲ್ಲಿದ್ದ ಪಾತ್ರೆ ಬಿಟ್ಟು ಕೂಗಿದ: "ಏ, ಬೀಡಿ ಒಗಿಯೋ! ದೂರ ಸರಿ!" ಆತ ಬೀಡಿಯನ್ನು ಹಿಂದಿನ ಚರಂಡಿಗೆ ಒಗೆದ. ಗಾಳಿ ನಮ್ಮ ಕಡೆಯಿಂದ ಆ ಕಡೆಗೆ ಬೀಸುತ್ತಿರಲಿಲ್ಲ, ಅಷ್ಟೇ ನಮ್ಮ ಪುಣ್ಯ.

ನಾನು ಎಂ.ಟೆಕ್ ಓದಿದವನು. ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತುವಷ್ಟು ಆವಿ ಬಿಡುತ್ತದೆ, ಸೀಮೆಎಣ್ಣೆಗೆ ಅದೇ ಕೆಲಸಕ್ಕೆ 35 ಡಿಗ್ರಿಗೂ ಮೇಲಿನ ಬಿಸಿ ಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಮೇಲೇರಿ ಚದುರದೆ ನೆಲದ ಮೇಲೆ ನೀರಿನಂತೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 1.4 ಪಾಲು ಇದ್ದರೂ ಕಿಡಿ ಸಾಕು. ಇದನ್ನೆಲ್ಲ ಪರೀಕ್ಷೆಗೆ ಬರೆದಿದ್ದೆ. ಸಮಯಕ್ಕೆ ಕೂಗಿದವನು ಮಾತ್ರ ಚಹಾದ ಅಂಗಡಿಯವನು.

*

ಇಷ್ಟಾದ ಮೇಲೂ ಬುದ್ಧಿ ಬರಲಿಲ್ಲ ಅನ್ನುವುದೇ ನಾಚಿಕೆಯ ಸಂಗತಿ. ಆ ಬೇಸಿಗೆ, ಮುಂದಿನ ಬೇಸಿಗೆ ಜನರೇಟರ್ ದುಡಿಯಿತು. 2014ರ ಜೂನ್ 2ರಂದು ತೆಲಂಗಾಣ ರಾಜ್ಯವಾಯಿತು. ಒಂದೆರಡು ವರ್ಷದಲ್ಲಿ ನಮ್ಮ ಬೀದಿಯಲ್ಲಿ ಕರೆಂಟು ಹೋಗುವುದೇ ಅಪರೂಪವಾಯಿತು. ಮನೆಗೆ ಇನ್ವರ್ಟರ್ ಬಂತು, ಅಪಾರ್ಟ್‌ಮೆಂಟಿಗೆ ದೊಡ್ಡ ಡೀಸೆಲ್ ಜನರೇಟರ್ ಬಂತು. ಪುಟ್ಟ ಯಂತ್ರದ ಸದ್ದಿಗೂ ಕಾಲ ಮುಗಿದಿತ್ತು. ಪೆಟ್ರೋಲ್, ಸೀಮೆಎಣ್ಣೆ ಜನರೇಟರುಗಳ ಸದ್ದಿಗೆ ಸರ್ಕಾರ 2002ರ ಸೆಪ್ಟೆಂಬರ್‌ನಿಂದ 90 ಡೆಸಿಬಲ್, 2003ರ ಸೆಪ್ಟೆಂಬರ್‌ನಿಂದ 86 ಡೆಸಿಬಲ್ ಮಿತಿ ಹಾಕಿತ್ತು. ಅಪ್ಪನದು ಅದಕ್ಕಿಂತ ಹಿಂದಿನ ಕಾಲದ್ದು.

ಕೊನೆಯ ಬಾರಿ ಅದನ್ನು ಯಾವತ್ತು ನಿಲ್ಲಿಸಿದೆ ಎನ್ನುವುದು ನನಗೆ ನೆನಪಿಲ್ಲ. ಅದು ಕೊನೆಯ ಬಾರಿ ಎಂದು ಆಗ ಗೊತ್ತಿರಲಿಲ್ಲವಲ್ಲ. ಸ್ವಿಚ್ ಒತ್ತಿದೆ, ನಾಳೆ ಬೇಕಾದೀತು ಅಂತ ಟ್ಯಾಂಕು ಹಾಗೇ ಬಿಟ್ಟೆ, ಸೆಲ್ಲಾರಿಗೆ ಇಳಿಸಿ ಕವರ್ ಹೊದಿಸಿದೆ. ಆ ನಾಳೆ ಬರಲೇ ಇಲ್ಲ.

ನಮ್ಮ ವೃತ್ತಿಯಲ್ಲೂ ಹೀಗೇ ಅಲ್ಲವೇ? ಹೊಸ ಸಿಸ್ಟಮ್ ಶುರುವಾದ ದಿನ ಕೇಕು ಕತ್ತರಿಸುತ್ತೇವೆ. ಹಳೆಯದನ್ನು ಮುಚ್ಚುವ ದಿನಕ್ಕೆ ಪ್ಲಾನಿನಲ್ಲಿ ಒಂದು ಸಾಲೂ ಇರುವುದಿಲ್ಲ. ಯಂತ್ರಗಳ ಚರಿತ್ರೆಯನ್ನು ಬರೆಯುವವರೂ ಮೊದಲ ಬಾರಿ ಹೊತ್ತಿದ ವರ್ಷವನ್ನು ಬರೆಯುತ್ತಾರೆ. ನಾನೂ ಮೇಲೆ 1902, 1946, 1965, 1985 ಅಂತ ಅದನ್ನೇ ಬರೆದೆ. ಕೊನೆಯ ಬಾರಿ ಆರಿದ ವರ್ಷ ಯಾರ ಲೆಕ್ಕದಲ್ಲೂ ಇಲ್ಲ. ಅಪಾಯ ಇರುವುದು ಆ ಬರೆಯದ ವರ್ಷಗಳಲ್ಲಿ.

ನಿಂತ ಪೆಟ್ರೋಲ್ ಸುಮ್ಮನೆ ಇರುವುದಿಲ್ಲ. ಅದರಲ್ಲಿನ ಹಗುರ ಭಾಗ ಕೆಲವೇ ತಿಂಗಳಲ್ಲಿ ಹಾರಿಹೋಗುತ್ತದೆ. ಉಳಿದದ್ದು ಗಾಳಿಯೊಂದಿಗೆ ಬೆರೆತು ಅಂಟಾಗುತ್ತದೆ. ಕಾರ್ಬುರೇಟರಿನ ಜೆಟ್ಟಿನ ರಂಧ್ರ ಸೂಜಿಯ ಮೊನೆಯಷ್ಟು, ಅದು ಕಟ್ಟಿಕೊಂಡರೆ ಯಂತ್ರ ಏಳುವುದಿಲ್ಲ. ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಅಧ್ಯಾಯ ಸೇರಿದೆ. 2003ರಲ್ಲಿ ಕೆಲವು ರಾಜ್ಯಗಳಲ್ಲಿ ಪೆಟ್ರೋಲಿಗೆ ನೂರಕ್ಕೆ 5 ಪಾಲು ಎಥನಾಲ್ ಬೆರೆಸಲು ಶುರುಮಾಡಿದರು. 2022ರಲ್ಲಿ ಅದು 10 ಪಾಲು ಮುಟ್ಟಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ 20 ಪಾಲಿನ ಪೆಟ್ರೋಲನ್ನು ಬಿಡುಗಡೆ ಮಾಡಿದರು. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥನಾಲನ್ನೂ ಕರೆದುಕೊಂಡು ಟ್ಯಾಂಕಿನ ತಳಕ್ಕೆ ಇಳಿದು ಅಲ್ಲಿ ತುಕ್ಕು ಹಿಡಿಸುತ್ತದೆ. ಟ್ಯಾಂಕು ತುಂಬಿಟ್ಟರೆ ತುಕ್ಕು ಹಿಡಿಯುವುದಿಲ್ಲ ಎಂಬ ನಮ್ಮ ಹಿರಿಯರ ಮಾತು ಅವರ ಕಾಲದ ಪೆಟ್ರೋಲಿಗೆ ಸರಿ. ಮಲೆನಾಡಿನ ತೋಟದಲ್ಲಿ ಕಳೆ ಕತ್ತರಿಸುವ ಯಂತ್ರವನ್ನು ಮಳೆಗಾಲ ಪೂರ್ತಿ ಅಟ್ಟದ ಮೇಲಿಡುವವರಿಗೆ ಈಗ ಬರಿದು ಮಾಡಿಡುವುದೇ ಕ್ಷೇಮ.

*

ಮತ್ತೆ ಆ ಶನಿವಾರಕ್ಕೆ ಬರೋಣ. ನೋಟೀಸು ಬರೆದ ಕಾರ್ಯದರ್ಶಿಯೇ ಮೊದಲ ಆರೋಪಿ. ಎದುರು ಮನೆಯವರು ಏನೂ ಅನ್ನಲಿಲ್ಲ, ಅದೇ ಹೆಚ್ಚು ನಾಟಿತು.

ಪರಿಚಯದ ಮೆಕ್ಯಾನಿಕ್ಕಿಗೆ ಫೋನು ಮಾಡಿದೆ. ಸಿಕಂದರಾಬಾದಿನ ರಾಣಿಗಂಜ್‌ನಲ್ಲಿ ಪಂಪು, ಎಂಜಿನ್ನುಗಳ ಅಂಗಡಿಗಳ ಸಾಲಿನಲ್ಲಿ ಮೂವತ್ತು ವರ್ಷ ದುಡಿದ ಕೈ ಅದು. "ಅಲ್ಲೇ ಸೆಲ್ಲಾರಲ್ಲಿ ತೆಗೀಬೇಡಿ, ಮೊದಲು ಬಯಲಿಗೆ ತನ್ನಿ" ಅಂದ. ಪೆಟ್ರೋಲನ್ನು ಚರಂಡಿಗೆ ಸುರಿದುಬಿಡಲೇ ಅಂದೆ. ಬೈದ. ಅವನಿಗೆ ಮೆಕ್ಸಿಕೋದ ಗ್ವಾದಲಹಾರ ಗೊತ್ತಿರಲಿಕ್ಕಿಲ್ಲ. 1992ರ ಏಪ್ರಿಲ್ 22ರಂದು ಅಲ್ಲಿ ಕೊಳವೆಯಿಂದ ಸೋರಿದ ಪೆಟ್ರೋಲ್ ಒಳಚರಂಡಿ ಸೇರಿ ಬೀದಿಗೆ ಬೀದಿಯೇ ಸ್ಫೋಟಿಸಿತು, ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಎರಡು ಲೀಟರು ಅಷ್ಟು ಮಾಡಲಿಕ್ಕಿಲ್ಲ, ಆದರೆ ಆವಿಗೆ ತಗ್ಗು ಹುಡುಕುವ ಗುಣ ಎಲ್ಲೂ ಒಂದೇ.

ಅವನು ಮಾಡಿದ್ದನ್ನು ಇಲ್ಲಿ ಬರೆಯುತ್ತೇನೆ. ನಿಮ್ಮಲ್ಲಿ ಊರಿನ ತೋಟಕ್ಕೆ ಕಳೆಯಂತ್ರ ಕಳಿಸುವವರು, ಹಳೇ ಪಂಪನ್ನು ಅಟ್ಟಕ್ಕೇರಿಸುವವರು ಇದ್ದೀರಿ.

ಯಂತ್ರ ಪೂರ್ತಿ ತಣ್ಣಗಿರಬೇಕು. ಸುತ್ತ ಬೆಂಕಿ, ಬೀಡಿ, ಚಾಲೂ ಇರುವ ಮೋಟರು ಯಾವುದೂ ಇರಬಾರದು. ಟ್ಯಾಂಕಿನ ಪೆಟ್ರೋಲನ್ನು ಪೈಪಿನಿಂದ ಲೋಹದ ಡಬ್ಬಿಗೆ ಇಳಿಸಿ ಮುಚ್ಚಳ ಬಿಗಿಯಬೇಕು. ಬಾಯಿಂದ ಎಳೆಯಬಾರದು. ಓಡುವ ಸ್ಥಿತಿಯ ಯಂತ್ರವಾದರೆ ಟ್ಯಾಂಕು ಬರಿದಾದ ಮೇಲೆ ಬಯಲಿನಲ್ಲೇ ಶುರುಮಾಡಿ ತಾನಾಗಿ ನಿಲ್ಲುವ ತನಕ ಬಿಡಬೇಕು, ಪೈಪಿನಲ್ಲಿ ಉಳಿದದ್ದೂ ಖರ್ಚಾಗುತ್ತದೆ. ಮನೆಯೊಳಗೆ, ಸೆಲ್ಲಾರಿನಲ್ಲಿ ಇದನ್ನು ಮಾಡಿದರೆ ಹೊಗೆಯ ವಿಷ ಜೀವ ತೆಗೆಯುತ್ತದೆ. ಮತ್ತೆ ತಣ್ಣಗಾದ ಮೇಲೆ ಕಾರ್ಬುರೇಟರಿನ ಬಟ್ಟಲ ಕೆಳಗಿನ ತಿರುಪು ಬಿಚ್ಚಿ ಕೊನೆಯ ಹನಿ ಇಳಿಸಬೇಕು. ಟ್ಯಾಂಕಿನ ಬಾಯಿ ತೆರೆದು ನೆರಳಿನಲ್ಲಿ ಗಾಳಿಗೆ ಒಣಗಿಸಬೇಕು. ದ್ರವ ಹೋದರೂ ಆವಿ ಉಳಿದಿರುತ್ತದೆ, ಖಾಲಿ ಎಂದು ಕಾಣುವ ಟ್ಯಾಂಕು ಆವಿ ಹೋಗುವ ತನಕ ಖಾಲಿಯಲ್ಲ. ದೀರ್ಘ ಕಾಲ ಇಡುವುದಾದರೆ ಪ್ಲಗ್ಗು ಬಿಚ್ಚಿ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಹಗ್ಗವನ್ನು ಮೆಲ್ಲಗೆ ಎರಡು ಮೂರು ಸಲ ಎಳೆದು ಮತ್ತೆ ಪ್ಲಗ್ಗು ಹಾಕಬೇಕು. ಗಾಡಿಯಲ್ಲಿ ಒಯ್ಯುವಾಗ ನೆಟ್ಟಗೆ ನಿಲ್ಲಿಸಿ ಕಟ್ಟಬೇಕು, ಪೆಟ್ರೋಲಿನ ಕೀಲಿಯನ್ನೂ ಮುಚ್ಚಳದ ಗಾಳಿಕಿಂಡಿಯನ್ನೂ ಮುಚ್ಚಬೇಕು.

ಇಡೀ ಕೆಲಸಕ್ಕೆ ಮುಕ್ಕಾಲು ಗಂಟೆ. ನಾನು ಮುಂದೂಡಿದ್ದು ಎಂಟು ಒಂಬತ್ತು ವರ್ಷ.

ಅವತ್ತು ಇಳಿಸಿದ ಪೆಟ್ರೋಲ್ ಒಂದು ಲೀಟರಿಗೂ ಕಡಿಮೆ. ಮೆಕ್ಯಾನಿಕ್ಕು ಮೂಸಿ ನೋಡಿ, ಗಾಡಿಗೆ ಬೆರೆಸಲೂ ಬಾರದು, ಬಿಡಿಭಾಗ ತೊಳೆಯಲು ಆದೀತು ಎಂದು ಡಬ್ಬಿಯನ್ನು ತಾನೇ ಒಯ್ದ. ಜನರೇಟರನ್ನೂ ಅವನೇ ಕೊಳ್ಳಲು ಒಪ್ಪಿದ. ಬಿಡಿಭಾಗಕ್ಕೆ ಅಂತ.

ಪೆಟ್ರೋಲ್ ಹೋದರೆ ಈ ತಲೆನೋವು ಹೋಯಿತು ಅಂತ ಯಾರೋ ಅಂದರು. ನಾನು ಹಾಗಂದುಕೊಂಡಿಲ್ಲ. 2022ರ ಸೆಪ್ಟೆಂಬರ್ 12ರಂದು ಸಿಕಂದರಾಬಾದಿನಲ್ಲಿ ಹೋಟೆಲ್ ಕಟ್ಟಡವೊಂದರ ಕೆಳಗಿದ್ದ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮಿಗೆ ಬೆಂಕಿ ಬಿದ್ದು, ಹೊಗೆ ಮೇಲೇರಿ 8 ಜನ ಸತ್ತರು. ಬ್ಯಾಟರಿಯೂ ತುಂಬಿದ ಟ್ಯಾಂಕೇ. ನಮ್ಮ ಸೆಲ್ಲಾರಿನಲ್ಲಿ ಈಗ ಒಂಬತ್ತು ಎಲೆಕ್ಟ್ರಿಕ್ ಸ್ಕೂಟರುಗಳಿವೆ. ಅವುಗಳಲ್ಲೂ ಮುಂದೊಂದು ದಿನ ಯಾವುದೋ ಒಂದು ಕವರ್ ಹೊದ್ದು ಮೂಲೆ ಸೇರುತ್ತದೆ. ಈಗ ನಮ್ಮ ಅಸೋಸಿಯೇಷನ್ನು ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ಭಾನುವಾರ ಸೆಲ್ಲಾರ್ ನೋಡುತ್ತದೆ. ಓಡುವ ಗಾಡಿಗಳಿಗೆ ಕುಂಕುಮ ಹಚ್ಚುವ ಮೊದಲು ಓಡದವುಗಳ ಲೆಕ್ಕ.

ಅವತ್ತು ಸಂಜೆ ಅಪ್ಪನಿಗೆ ಫೋನು ಮಾಡಿದೆ. ಮಾರಿದ ಸುದ್ದಿ ಹೇಗೆ ಹೇಳಬೇಕು ಅಂತ ಅಳುಕಿತ್ತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು.

"ಖಾಲಿ ಕೊಟ್ಟೇನು?"

"ಹೂಂ ಅಪ್ಪಾ. ಪೂರಾ ಖಾಲಿ ಮಾಡೇ ಕೊಟ್ಟೀನಿ. ಅದು ಹಂಗೇ ಕೊಡಬೇಕು."

"ಹೌದೌದು. ನಾನೂ ಅವತ್ತು ಹಂಗೇ ಕೊಡಬೇಕಾಗಿತ್ತು" ಅಂದರು. ಮಕ್ತಲಿನ ಸಂಗತಿಯನ್ನು ಅವರಿಗೆ ನಾನು ಯಾವತ್ತೂ ಹೇಳಿರಲಿಲ್ಲ. ಹೆಂಡತಿ ಹೇಳಿರಬೇಕು. ಯಾವಾಗ ಹೇಳಿದಳೋ, ಎಷ್ಟು ವರ್ಷ ಅವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ, ಕೇಳಲಿಲ್ಲ.

ಫೋನಿಟ್ಟು ನೋಡಿದರೆ ಮೆಕ್ಯಾನಿಕ್ಕಿನ ಆಟೋ ಇನ್ನೂ ಗೇಟಿನಲ್ಲಿತ್ತು. ಹೆಂಡತಿ ಕೆಳಗಿಳಿದು ಹೋಗಿ, ಅವನು ಬೇಡ ಬೇಡ ಅಂದರೂ ದೀಪಾವಳಿಯ ಉಂಡಿ ಕಟ್ಟಿದ ಪೊಟ್ಟಣವನ್ನು ಅವನ ಕೈಗಿಟ್ಟು ಬಂದಳು.